ಶುಶ್ರೂಷೆ: ಅನುರಾಗವೂ ಶುಚಿತ್ವವೂ

ರೋಗಿಯ ಆರೈಕೆಗೆ ನಮ್ಮ ನುಡಿಯಲ್ಲಿ ರೂಢವಾಗಿರುವ ಹೆಸರು 'ಶುಶ್ರೂಷೆ'. ಹಾಸಿಗೆ ಹಿಡಿದವರ ಮಗ್ಗುಲಲ್ಲಿದ್ದು ಅವರ ಅನ್ನಪಾನ, ಔಷಧ, ಮಲಮೂತ್ರಗಳ ನಿರ್ವಹಣೆ ಇವನ್ನೆಲ್ಲ ನೋಡಿಕೊಳ್ಳುವುದಕ್ಕೆ ನಾವು ಹಾಗೆನ್ನುತ್ತೇವೆ. ಆದರೆ ವ್ಯಾಕರಣವನ್ನು ಓದಿದವರಿಗೆ ಈ ಶಬ್ದದ ಮೂಲಾರ್ಥ ಸೇವೆಯಲ್ಲವೆಂಬುದು ತಿಳಿದಿದೆ. ಕೇಳು ಎಂಬ ಅರ್ಥದ 'ಶ್ರು' ಧಾತುವಿಗೆ ಇಚ್ಛೆಯನ್ನು ಸೂಚಿಸುವ ಪ್ರತ್ಯಯ ಸೇರಿ ಹುಟ್ಟಿದ ಪದವಿದು. 'ಕೇಳಬೇಕೆಂಬ ಇಚ್ಛೆ' ಎಂಬುದೇ ಇದರ ಮೊದಲ ಅರ್ಥ. ಗುರುವಿನ ಮಾತಿಗಾಗಿ ಕಿವಿಗೊಟ್ಟು ನಿಂತ ಶಿಷ್ಯನ ಭಾವವನ್ನು ಹೇಳುತ್ತಿದ್ದ ಈ ಪದ ಕಾಲಕ್ರಮದಲ್ಲಿ ಸೇವೆ ಎಂಬ ಅರ್ಥವನ್ನು ಪಡೆದು, ಇಂದು ಮುಖ್ಯವಾಗಿ ರೋಗಿಯ ಸೇವೆಗೆ ಸಲ್ಲುತ್ತಿದೆ. ಸೇವೆಯ ಮೊದಲು ಕೇಳುವಿಕೆ ಇರಬೇಕೆಂಬ ತತ್ತ್ವ ಈ ಒಂದು ಪದದಲ್ಲಿ ಅಡಗಿದೆ. ಅದನ್ನು ಮರೆತಾಗ ಏನಾಗುತ್ತದೆಂಬುದೇ ಈ ಲೇಖನದ ವಿಷಯ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಲಾಗಿದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ನಾಲ್ಕರಲ್ಲಿ ಒಂದು ಮುರಿದರೂ ಚಿಕಿತ್ಸೆ ನಿಲ್ಲಲಾರದು. ಇಂದಿನ ಮಾತಿನಲ್ಲಿ ನರ್ಸ್ ಎನ್ನಬಹುದಾದ ಪರಿಚಾರಕನಿಗೆ ಅಲ್ಲಿ ನಾಲ್ಕು ಗುಣಗಳನ್ನು ವಿಧಿಸಿದ್ದಾರೆ. ಉಪಚಾರದ ಕ್ರಮವನ್ನು ತಿಳಿದಿರುವುದು, ದಕ್ಷತೆ, ಅನುರಾಗ, ಶೌಚ. ಶೌಚವೆಂದರೆ ಶುಚಿತ್ವ. ಈ ಪಟ್ಟಿಯನ್ನು ಮೊದಲು ಓದಿದಾಗ ನಮಗೆ ಹೊಳೆದ ಸಂದೇಹವೊಂದುಂಟು. ಅನುರಾಗವು ಹೃದಯದ ಗುಣ. ಶುಚಿತ್ವವು ಕೈಕಾಲಿನ ಅಭ್ಯಾಸ. ಇವೆರಡನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು ಸರಿಯೇ? ಪ್ರೀತಿಯಿದ್ದಲ್ಲಿ ಉಳಿದುದು ತಾನಾಗಿಯೇ ಬಾರದೆ? ಮತ್ತೆ, ಶುಚಿತ್ವವೆಂಬುದು ಯಾರಿಗಾಗಿ? ಶುಚಿಯಾಗಿರುವವನಿಗಾಗಿಯೋ, ಅವನ ಎದುರಿಗಿರುವವನಿಗಾಗಿಯೋ?

ಕೇವಲ ಶಾಸ್ತ್ರಚರ್ಚೆಗಾಗಿ ಈ ಪ್ರಶ್ನೆಯನ್ನು ಎತ್ತುತ್ತಿಲ್ಲ. ನಮ್ಮ ಬದುಕಿನಲ್ಲಿ ಒಮ್ಮೆ ಇದು ಬಹು ಕಠಿನವಾಗಿ ಎದುರು ನಿಂತಿತು. ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಎಂಬತ್ತನ್ನು ದಾಟಿದ್ದ ನಮ್ಮ ಪೂಜ್ಯ ಗುರುಗಳು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆಯನ್ನು ಮುರಿದುಕೊಂಡರು. ನಗರದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಸುದ್ದಿ ಹರಡಿದೊಡನೆ ಹಳ್ಳಿಹಳ್ಳಿಗಳಿಂದ ಭಕ್ತರು ಬಸ್ಸು, ಲಾರಿಗಳಲ್ಲಿ ಬಂದಿಳಿದರು. ಎರಡನೆಯ ದಿನ ಬೆಳಿಗ್ಗೆ ಕರ್ತವ್ಯದ ಮೇಲಿದ್ದ ಸಿಸ್ಟರ್, ಇಪ್ಪತ್ತೈದು ವರ್ಷ ಮೀರದ ಹೆಣ್ಣುಮಗಳು, ಬಾಗಿಲಲ್ಲಿ ನಿಂತು ನಮ್ಮನ್ನು ವಿನಯದಿಂದ ಕೇಳಿಕೊಂಡಳು: "ಬುದ್ಧಿ, ಒಬ್ಬೊಬ್ಬರೇ ಬರಲಿ. ಕೈ ತೊಳೆದುಕೊಂಡು ಬರಲಿ. ಪಾದ ಮುಟ್ಟುವುದು ಬೇಡ, ದೂರದಿಂದ ದರ್ಶನ ಮಾಡಿ ಹೋಗಲಿ."

ಆಗ ನಾವು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. "ಇವರು ಭಕ್ತರು ತಾಯಿ. ಭಕ್ತಿಗೆ ಮೈಲಿಗೆಯಿಲ್ಲ" ಎಂದೆವು. ಮಾತು ಚೆನ್ನಾಗಿ ಬಂತೆಂದು ಒಳಗೊಳಗೆ ಸಂತೋಷವೂ ಆಗಿರಬೇಕು. ಆಕೆ ತಲೆ ತಗ್ಗಿಸಿ, "ಮೈಲಿಗೆ ಅಂತ ಅಲ್ಲ ಬುದ್ಧಿ, ಗಾಯ ಹಸಿ ಇದೆ" ಎಂದಳು. ಕಾವಿಯ ಮುಂದೆ ಅದಕ್ಕಿಂತ ಹೆಚ್ಚು ಆಕೆ ಹೇಗೆ ತಾನೆ ವಾದಿಸಿಯಾಳು? ಬಾಗಿಲು ತೆರೆಯಿತು. ದಿನವೆಲ್ಲ ಜನ ಬಂದರು. ಒಬ್ಬರು ಹೊದಿಕೆಯನ್ನು ಸರಿಪಡಿಸಿದರು, ಒಬ್ಬರು ಹಣೆಗೆ ವಿಭೂತಿ ಹಚ್ಚಿದರು, ಮತ್ತೊಬ್ಬ ವೃದ್ಧೆ ಕಟ್ಟಿನ ಮೇಲೆಯೇ ಕೈಯಾಡಿಸಿ ಕಣ್ಣೀರು ಸುರಿಸಿದಳು. ಅವರ ಅನುರಾಗದಲ್ಲಿ ಕಿಂಚಿತ್ತೂ ಕೊರತೆಯಿರಲಿಲ್ಲ.

ಐದನೆಯ ದಿನ ಜ್ವರ ಬಂತು. ಗಾಯ ಕೆಂಪೇರಿ ಕೀವಾಯಿತು. ಮತ್ತೆ ಬಿಚ್ಚಿ ತೊಳೆಯಬೇಕಾಯಿತು. ಹತ್ತು ದಿನಗಳಲ್ಲಿ ಮಠಕ್ಕೆ ಮರಳಬೇಕಾಗಿದ್ದವರು ನಲವತ್ತು ದಿನ ಅಲ್ಲಿಯೇ ಇದ್ದರು. ಜೀವ ಉಳಿಯಿತು. ಆದರೆ ಮತ್ತೆಂದೂ ತಮ್ಮ ಕಾಲ ಮೇಲೆ ನಡೆದು ಪೂಜಾಗೃಹಕ್ಕೆ ಹೋಗಲಾಗಲಿಲ್ಲ. ಆ ಸೋಂಕು ಯಾರ ಕೈಯಿಂದ ಬಂತೆಂದು ಯಾರೂ ಹೇಳಲಾರರು. ಶಸ್ತ್ರಚಿಕಿತ್ಸೆಯ ಗಾಯ ಕೀವಾಗುವುದಕ್ಕೆ ಕಾರಣಗಳು ಹಲವು. ವೃದ್ಧಾಪ್ಯವೂ ಅವುಗಳಲ್ಲಿ ಒಂದು. ವೈದ್ಯರು ನಮಗೆ ಹಾಗೆಯೇ ಸಮಾಧಾನ ಹೇಳಿದರು. ಆದರೆ 'ನಮ್ಮಿಂದ ಅಲ್ಲ' ಎಂದು ಹೇಳುವ ಅಧಿಕಾರವನ್ನು ನಾವು ಆ ಬಾಗಿಲಲ್ಲಿಯೇ ಕಳೆದುಕೊಂಡಿದ್ದೆವು. ಒಂದು ಸಂಜೆ ಗುರುಗಳು ಯಾವ ಕೋಪವೂ ಇಲ್ಲದೆ, "ಆ ಮಗು ಹೇಳಿದ್ದನ್ನು ನೀನು ಕೇಳಬೇಕಾಗಿತ್ತು" ಎಂದರು. ಅಷ್ಟೇ. ಮತ್ತೆ ಆ ವಿಷಯವನ್ನು ಎತ್ತಲಿಲ್ಲ.

ನಮ್ಮ ಈ ತಪ್ಪಿಗೆ ಬಹು ಹಳೆಯ ಚರಿತ್ರೆಯಿದೆಯೆಂಬುದು ಮುಂದೆ ಓದಿದಾಗ ತಿಳಿಯಿತು. ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ೧೮೪೦ರ ದಶಕದಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. ೧೮೪೬ರಲ್ಲಿ ಮೊದಲನೆಯ ವಿಭಾಗದ ೪೦೧೦ ಹೆರಿಗೆಗಳಲ್ಲಿ ೪೫೯ ತಾಯಂದಿರು ಸತ್ತರು. ಎರಡನೆಯದರಲ್ಲಿ ೩೭೫೪ ಹೆರಿಗೆಗಳಿಗೆ ಸತ್ತವರು ೧೦೫ ಮಂದಿ. ತಮ್ಮನ್ನು ಮೊದಲ ವಿಭಾಗಕ್ಕೆ ಸೇರಿಸಬೇಡಿರೆಂದು ಬಡ ಗರ್ಭಿಣಿಯರು ಮೊಣಕಾಲೂರಿ ಬೇಡುತ್ತಿದ್ದರಂತೆ. ವಿದ್ಯೆ ಹೆಚ್ಚಿದ್ದಲ್ಲಿ ಸಾವು ಹೆಚ್ಚು, ಕಡಿಮೆಯಿದ್ದಲ್ಲಿ ಸಾವು ಕಡಿಮೆ! ಈ ವಿಪರೀತಕ್ಕೆ ಕಾರಣವೇನು?

ಆ ವಿಭಾಗದಲ್ಲಿ ಸಹಾಯಕ ವೈದ್ಯನಾಗಿದ್ದ ಹಂಗೆರಿ ದೇಶದ ಇಗ್ನಾಜ್ ಸೆಮ್ಮೆಲ್ವೈಸ್‌ಗೆ ಉತ್ತರ ಹೊಳೆದುದು ೧೮೪೭ರಲ್ಲಿ. ಅವನ ಮಿತ್ರನಾದ ಪ್ರಾಧ್ಯಾಪಕನೊಬ್ಬ ಶವಪರೀಕ್ಷೆಯ ವೇಳೆ ಬೆರಳಿಗೆ ಚಾಕು ತಗುಲಿ ಮಡಿದ. ಅವನ ದೇಹದಲ್ಲಿ ಕಂಡ ವಿಕಾರಗಳು ಬಾಣಂತಿಯರ ದೇಹದಲ್ಲಿ ಕಾಣುತ್ತಿದ್ದ ವಿಕಾರಗಳನ್ನೇ ಹೋಲುತ್ತಿದ್ದವು. ವಿದ್ಯಾರ್ಥಿಗಳು ಶವಾಗಾರದಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ. ವಿದ್ಯಾರ್ಥಿಗಳು ಕೈ ತೊಳೆಯುತ್ತಿರಲಿಲ್ಲವೆಂದಲ್ಲ. ಸಾಬೂನಿನಿಂದ ತೊಳೆಯುತ್ತಿದ್ದರು, ಆದರೂ ಶವದ ವಾಸನೆ ಕೈಯಲ್ಲಿ ಉಳಿದಿರುತ್ತಿತ್ತು. ತಮಗೆ ಸಾಕೆನಿಸುವಷ್ಟು ಅವರು ತೊಳೆದುಕೊಳ್ಳುತ್ತಿದ್ದರು, ತಾಯಂದಿರಿಗೆ ಸಾಕಾಗುವಷ್ಟು ಅಲ್ಲ. ಆ ವರ್ಷದ ಮೇ ತಿಂಗಳಿಂದ ಪರೀಕ್ಷೆಗೆ ಮುನ್ನ ಕ್ಲೋರಿನ್ ಬೆರೆಸಿದ ನೀರಿನಿಂದ ಕೈ ತೊಳೆಯಲೇಬೇಕೆಂದು ಅವನು ಕಟ್ಟುಮಾಡಿದ. ೧೮೪೮ರಲ್ಲಿ ಅದೇ ಮೊದಲ ವಿಭಾಗದ ೩೫೫೬ ಹೆರಿಗೆಗಳಲ್ಲಿ ಸತ್ತವರು ೪೫ ಮಂದಿ ಮಾತ್ರ.

ಇಷ್ಟು ಸ್ಪಷ್ಟವಾದ ಫಲವನ್ನು ಕಂಡೂ ಅಂದಿನ ಅನೇಕ ಹಿರಿಯ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ರೋಗಾಣುಗಳ ಜ್ಞಾನ ಆಗಿನ್ನೂ ಬೆಳೆದಿರಲಿಲ್ಲವೆಂಬುದು, ಅವನು ತನ್ನ ಗ್ರಂಥವನ್ನು ೧೮೬೧ರವರೆಗೆ ಪ್ರಕಟಿಸಲಿಲ್ಲವೆಂಬುದು ನಿಜ. ಆದರೆ ಇನ್ನೊಂದು ಕಾರಣ ಮನುಷ್ಯಸ್ವಭಾವಕ್ಕೆ ಸೇರಿದುದು. ಜೀವ ಉಳಿಸಲೆಂದು ಚಾಚಿದ ತಮ್ಮ ಕೈಯೇ ಮೃತ್ಯುವನ್ನು ತಂದಿತೆಂದು ಒಪ್ಪಲು ಸಜ್ಜನರಿಗೆ ಬಹು ಕಷ್ಟ. ದುರ್ಜನನಿಗೆ ತನ್ನ ಕೈ ಮಲಿನವೆಂಬುದು ಗೊತ್ತಿರುತ್ತದೆ. ಸಜ್ಜನನು ತನ್ನ ಸದುದ್ದೇಶವನ್ನೇ ನಿರ್ಮಲತೆಯೆಂದು ಭ್ರಮಿಸುತ್ತಾನೆ. ಸೆಮ್ಮೆಲ್ವೈಸ್ ಮಾತ್ರ ಈ ಭ್ರಮೆಗೆ ಒಳಗಾಗಲಿಲ್ಲ. ಬಹಳ ಶವಗಳನ್ನು ಪರೀಕ್ಷಿಸಿದ ತನ್ನ ಕೈಯಿಂದಲೇ ಅದೆಷ್ಟು ತಾಯಂದಿರು ಅಕಾಲದಲ್ಲಿ ಸತ್ತರೋ ದೇವರೇ ಬಲ್ಲನೆಂಬ ಅರ್ಥದ ಮಾತನ್ನು ತನ್ನ ಗ್ರಂಥದಲ್ಲಿ ತಾನೇ ಬರೆದಿಟ್ಟ. ಔಷಧ ಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪ್ರಾಯಶ್ಚಿತ್ತ ನಮಗೆ ತಿಳಿದಂತೆ ಇಲ್ಲ. ೧೮೬೫ರಲ್ಲಿ ಮಾನಸಿಕ ಚಿಕಿತ್ಸಾಲಯವೊಂದರಲ್ಲಿ, ಗಾಯದ ಸೋಂಕಿನಿಂದಲೇ, ಅವನು ತೀರಿಕೊಂಡ.

ಆಧುನಿಕ ಶುಶ್ರೂಷೆಯ ಮಾತೆಯೆಂದು ನಾವು ಗೌರವಿಸುವ ಫ್ಲಾರೆನ್ಸ್ ನೈಟಿಂಗೇಲರ ಜೀವನದಲ್ಲಿಯೂ ಇದೇ ಪಾಠವಿದೆ. ೧೮೫೪ರ ನವೆಂಬರಿನಲ್ಲಿ ೩೮ ಮಂದಿ ಸೇವಕಿಯರೊಡನೆ ಅವರು ತುರ್ಕಿಯ ಸ್ಕುಟಾರಿಯಲ್ಲಿದ್ದ ಸೈನಿಕ ಆಸ್ಪತ್ರೆಗೆ ಬಂದರು. ದೀಪ ಹಿಡಿದು ರಾತ್ರಿಯೆಲ್ಲ ರೋಗಿಗಳನ್ನು ವಿಚಾರಿಸಿದ ಅವರ ಕರುಣೆಯನ್ನು ಶಾಲಾ ಪುಸ್ತಕಗಳು ಕೊಂಡಾಡುತ್ತವೆ. ಆದರೆ ಅವರು ಬಂದ ಮೇಲೆಯೂ ಆ ಚಳಿಗಾಲದಲ್ಲಿ ಮರಣ ಏರುತ್ತಲೇ ಹೋಗಿ, ೧೮೫೫ರ ಫೆಬ್ರುವರಿಯಲ್ಲಿ ನೂರಕ್ಕೆ ೪೨ನ್ನು ಮುಟ್ಟಿತೆಂಬುದನ್ನು ಅವು ಹೇಳುವುದಿಲ್ಲ. ಮಾರ್ಚ್ ತಿಂಗಳಲ್ಲಿ ಬಂದ ನೈರ್ಮಲ್ಯ ಆಯೋಗದವರು ಚರಂಡಿಗಳನ್ನು ತೊಳೆಯಿಸಿ, ನೀರು ಗಾಳಿಗಳನ್ನು ಶುದ್ಧಗೊಳಿಸಿದ ಮೇಲೆ ಜೂನ್ ವೇಳೆಗೆ ಅದು ನೂರಕ್ಕೆ ೨ರ ಹತ್ತಿರಕ್ಕೆ ಇಳಿಯಿತು. ಯುದ್ಧ ಮುಗಿದ ಬಳಿಕ ನೈಟಿಂಗೇಲ್ ಅಂಕಿಸಂಖ್ಯೆಗಳನ್ನು ಕೂಡಿಹಾಕಿ, ತಡೆಯಬಹುದಾಗಿದ್ದ ರೋಗಗಳಿಂದಲೇ ಬಹುಪಾಲು ಸೈನಿಕರು ಸತ್ತರೆಂದು ಜಗತ್ತಿಗೆ ತೋರಿಸಿದರು. ಅವರ ಹಿರಿಮೆ ದೀಪದಲ್ಲಿ ಮಾತ್ರವಲ್ಲ, ಆ ಲೆಕ್ಕದಲ್ಲಿಯೂ ಇದೆ.

ಈಗ ನಮ್ಮ ಮೂಲಪ್ರಶ್ನೆಗೆ ಬರೋಣ. ಶುಚಿತ್ವ ಯಾರಿಗಾಗಿ? ರೋಗಿಯ ಬಳಿಯಲ್ಲಿ ಕೈ ತೊಳೆಯಬೇಕಾದ ಐದು ಸಂದರ್ಭಗಳನ್ನು ವಿಶ್ವ ಆರೋಗ್ಯ ಸಂಸ್ಥೆ ೨೦೦೯ರ ತನ್ನ ಮಾರ್ಗಸೂಚಿಯಲ್ಲಿ ಗೊತ್ತುಮಾಡಿದೆ. ರೋಗಿಯನ್ನು ಮುಟ್ಟುವ ಮುನ್ನ. ಗಾಯಕ್ಕೆ ಕಟ್ಟು ಹಾಕುವುದು, ನಳಿಕೆ ಜೋಡಿಸುವುದು ಮುಂತಾದ ಕೆಲಸದ ಮುನ್ನ. ರಕ್ತ, ಮಲಮೂತ್ರಾದಿಗಳು ಸೋಂಕಬಹುದಾದ ಕೆಲಸದ ಬಳಿಕ. ರೋಗಿಯನ್ನು ಮುಟ್ಟಿದ ಬಳಿಕ. ರೋಗಿಯ ಮಂಚ, ಹಾಸಿಗೆ, ಸುತ್ತಲಿನ ವಸ್ತುಗಳನ್ನು ಮುಟ್ಟಿದ ಬಳಿಕ. ಎರಡು 'ಮುನ್ನ', ಮೂರು 'ಬಳಿಕ'. ಆಸ್ಪತ್ರೆಗಳಲ್ಲಿ ನಿಂತು ಎಣಿಸಿ ನೋಡಿದವರು ದೇಶದೇಶಗಳಲ್ಲಿ ಕಂಡ ಸಂಗತಿಯೆಂದರೆ, 'ಬಳಿಕ' ತೊಳೆಯುವವರು ಹೆಚ್ಚು, 'ಮುನ್ನ' ತೊಳೆಯುವವರು ಕಡಿಮೆ.

ವಾಚಕರೇ, ಈ ಒಂದು ಸಂಗತಿಯ ಮೇಲೆ ತಾವು ಕ್ಷಣಕಾಲ ಮನಸ್ಸನ್ನು ನಿಲ್ಲಿಸಬೇಕು. ಬಳಿಕ ತೊಳೆಯುವುದಕ್ಕೆ ಉಪದೇಶ ಬೇಕಿಲ್ಲ. ಹೇಸಿಗೆ ಮತ್ತು ಭಯಗಳೇ ಅದನ್ನು ಕಲಿಸುತ್ತವೆ. ಕೊಳೆ ಹತ್ತಿತೆಂಬ ಭಾವ ನಮ್ಮನ್ನು ನಲ್ಲಿಯ ಬಳಿಗೆ ಎಳೆಯುತ್ತದೆ. ಮುನ್ನ ತೊಳೆಯುವುದಕ್ಕಾದರೋ, 'ನನ್ನ ಕೈಯಲ್ಲಿಯೂ ಕೇಡು ಇರಬಹುದು' ಎಂಬ ಅರಿವು ಬೇಕು. ನಮ್ಮ ಸಮಾಜದಲ್ಲಿ ಶತಮಾನಗಳಿಂದ ನಡೆದುಬಂದ ಮಡಿಮೈಲಿಗೆಯ ಆಚಾರವೆಲ್ಲ ಬಹುಮಟ್ಟಿಗೆ 'ಬಳಿಕ'ದ ಶುಚಿತ್ವ. ಎದುರಿನವನು ಅಶುದ್ಧ, ಅವನಿಂದ ನನಗೆ ಕೇಡು, ಆದುದರಿಂದ ತೊಳೆದುಕೊಳ್ಳಬೇಕು ಎಂಬುದು ಅದರ ತರ್ಕ. ಅದರ ಫಲವೇನಾಯಿತೆಂಬುದನ್ನು ನಾವೆಲ್ಲ ಬಲ್ಲೆವು. ಮನುಷ್ಯರೇ ಮನುಷ್ಯರಿಗೆ ಮುಟ್ಟಬಾರದವರಾದರು. ಶುಶ್ರೂಷೆಯ ಶುಚಿತ್ವ ಇದಕ್ಕೆ ತೀರ ತಿರುವಾದುದು. ಅಲ್ಲಿ ತೊಳೆಯುವುದು ದೂರವಿಡಲೆಂದಲ್ಲ, ಮುಟ್ಟಲೆಂದು. ಆ ದಿನ ಆಸ್ಪತ್ರೆಯ ಬಾಗಿಲಲ್ಲಿ ಸಿಸ್ಟರ್ ಎರಡನೆಯದರ ಮಾತನ್ನಾಡಿದಳು. ನಾವು ಅದನ್ನು ಮೊದಲನೆಯದೆಂದು ತಪ್ಪಾಗಿ ತಿಳಿದು, ಮೈಲಿಗೆಯನ್ನು ಖಂಡಿಸಿದ ಹೆಮ್ಮೆಯಲ್ಲಿ ಆಕೆಯ ಮಾತನ್ನು ತಳ್ಳಿಹಾಕಿದೆವು.

ಹಾಗೆಂದು 'ಬಳಿಕ'ದ ತೊಳೆಯುವಿಕೆ ಕೇವಲ ಸ್ವಾರ್ಥವೆಂದು ತಿಳಿಯಬಾರದು. ಮುಂದಿನ ಮಂಚದ ರೋಗಿಯನ್ನೂ ಅದು ಕಾಪಾಡುತ್ತದೆ. ಪರಿಚಾರಕರ ಜೀವವಾದರೂ ಅಗ್ಗವಾದುದಲ್ಲ. ೨೦೧೮ರ ಮೇ ತಿಂಗಳಲ್ಲಿ ನೆರೆಯ ಕೇರಳದ ಪೆರಾಂಬ್ರಾ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ, ನಿಪಾ ಸೋಂಕಿತನಿಗೆ ಶುಶ್ರೂಷೆ ಮಾಡುತ್ತ ತಾವೂ ಅದಕ್ಕೆ ತುತ್ತಾಗಿ ೨೧ರಂದು ತೀರಿಕೊಂಡರು. ೨೦೦೧ರಲ್ಲಿ ಸಿಲಿಗುರಿಯಲ್ಲಿ ಅದೇ ರೋಗ ಹಬ್ಬಿದಾಗ ಪೀಡಿತರಲ್ಲಿ ನಾಲ್ಕರಲ್ಲಿ ಮೂರು ಪಾಲು ಆಸ್ಪತ್ರೆಯ ಸಿಬ್ಬಂದಿಯೋ ರೋಗಿಗಳನ್ನು ನೋಡಲು ಬಂದವರೋ ಆಗಿದ್ದರು. ಇಂಥವರ ತ್ಯಾಗವನ್ನು ಹೊಗಳುವುದು ಸುಲಭ. ಆ ತ್ಯಾಗದ ಅಗತ್ಯವೇ ಬಾರದಂತೆ ಕೈಗವಸು, ಮುಖಗವಸು, ಪ್ರತ್ಯೇಕ ಕೋಣೆಗಳನ್ನು ಒದಗಿಸುವುದೇ ನಿಜವಾದ ಗೌರವ.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕಾಗಿದೆ. ಮೊದಲನೆಯದು, 'ಇದೆಲ್ಲ ನರ್ಸುಗಳ ತಲೆಗೆ ಕಟ್ಟುವ ಹೊರೆಯಲ್ಲವೆ?' ಎಂಬುದು. ಆಕ್ಷೇಪ ಸಾಧುವಾದುದು. ಸಾಬೂನು ನೀರಿನಿಂದ ಸರಿಯಾಗಿ ಕೈ ತೊಳೆಯಲು ೪೦ರಿಂದ ೬೦ ಸೆಕೆಂಡು ಬೇಕು. ಗಂಟೆಗೆ ಹನ್ನೆರಡು ಸಲ ತೊಳೆಯಬೇಕಾದ ಪ್ರಸಂಗ ಬಂದರೆ ಹತ್ತು ನಿಮಿಷ ಅದಕ್ಕೇ ಹೋಯಿತು. ಸ್ಪಿರಿಟ್ ದ್ರವವನ್ನು ಉಜ್ಜಿಕೊಂಡರೆ ೨೦ರಿಂದ ೩೦ ಸೆಕೆಂಡಿನಲ್ಲಿ ಮುಗಿಯುತ್ತದೆ. ಆದರೆ ಅದು ಮಂಚದ ಪಕ್ಕದಲ್ಲಿಯೇ ಇರಬೇಕು. ವಿಶ್ವದ ಆರೋಗ್ಯ ಕೇಂದ್ರಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕೈ ಶುಚಿಗೊಳಿಸುವ ಮೂಲ ಸೌಕರ್ಯ ಪೂರ್ಣವಾಗಿ ಇಲ್ಲವೆಂದು ೨೦೨೨ರ ವಿಶ್ವಸಂಸ್ಥೆಯ ವರದಿ ತಿಳಿಸಿತು. ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮ. ರಾತ್ರಿಪಾಳಿಯಲ್ಲಿ ಒಬ್ಬಳೇ ಇಡೀ ವಾರ್ಡನ್ನು ನೋಡಿಕೊಳ್ಳುವುದನ್ನು ತಾವು ಕಣ್ಣಾರೆ ಕಂಡಿರುತ್ತೀರಿ. ನೀರಿಲ್ಲದ ಕೈಗೆ ಶುಚಿತ್ವವನ್ನು ಬೋಧಿಸುವುದು ಧರ್ಮವಲ್ಲ. ಶುಚಿತ್ವ ಪರಿಚಾರಕನ ಗುಣವಾದರೆ, ಅದಕ್ಕೆ ಬೇಕಾದ ನೀರು, ಸಮಯ, ಸಹಾಯಕರನ್ನು ಒದಗಿಸುವುದು ಸಮಾಜದ ಮತ್ತು ಸರ್ಕಾರದ ಕರ್ತವ್ಯ. ಆಸ್ಪತ್ರೆಗೆ ದಾನ ಮಾಡಬಯಸುವವರು ಹೆಸರು ಕೆತ್ತಿದ ಕಮಾನಿನ ಬದಲು ವಾರ್ಡಿಗೊಂದು ಕೈತೊಳೆಯುವ ತೊಟ್ಟಿಯನ್ನು ಕಟ್ಟಿಸಲಿ.

ಎರಡನೆಯ ಆಕ್ಷೇಪ ಇದಕ್ಕಿಂತ ಆಳವಾದುದು. 'ನಿಯಮಗಳು ಹೆಚ್ಚಾದಂತೆ ಅನುರಾಗ ಒಣಗುವುದಿಲ್ಲವೆ?' ೨೦೨೦ರ ಮಾರ್ಚಿನಲ್ಲಿ ನಮ್ಮ ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಮರಣ ಸಂಭವಿಸಿತು. ಅನಂತರದ ಎರಡು ವರ್ಷಗಳಲ್ಲಿ ಎಷ್ಟೋ ಹಿರಿಯರು ಮಕ್ಕಳ ಮುಖ ಕಾಣದೆ, ಬಾಯಿಗೆ ತಮ್ಮವರ ಕೈಯ ಹನಿ ನೀರಿಲ್ಲದೆ ಕಣ್ಣು ಮುಚ್ಚಿದರು. ಮಠಕ್ಕೆ ಬಂದು ನಮ್ಮೆದುರು ಅತ್ತ ಮಕ್ಕಳಿಗೆ ನಾವು ಯಾವ ತತ್ತ್ವವನ್ನೂ ಹೇಳಲಾಗಲಿಲ್ಲ. ಭಯ ಶುಚಿತ್ವವನ್ನು ನುಂಗಿ ಅದನ್ನು ಮತ್ತೆ ಹಳೆಯ ಮೈಲಿಗೆಯನ್ನಾಗಿ ಮಾಡಬಲ್ಲದೆಂಬುದನ್ನು ಆ ದಿನಗಳು ತೋರಿಸಿದವು; ಸೇವೆ ಮಾಡಿ ಬಂದ ನರ್ಸುಗಳನ್ನೇ ಬಾಡಿಗೆ ಮನೆಯಿಂದ ಹೊರಹಾಕಿದ ಪ್ರಸಂಗಗಳೂ ದೇಶದಲ್ಲಿ ನಡೆದವು. ಆದರೆ ಅದೇ ದಿನಗಳಲ್ಲಿ ಮೈತುಂಬ ರಕ್ಷಾಕವಚ ತೊಟ್ಟು, ಅಪರಿಚಿತ ವೃದ್ಧರ ಕೈ ಹಿಡಿದು ಕುಳಿತವರೂ, ತಮ್ಮ ದೂರವಾಣಿಯಲ್ಲಿ ಮಕ್ಕಳ ಮುಖ ತೋರಿಸಿದವರೂ ನರ್ಸುಗಳೇ. ನಿಯಮವು ಅವರ ಅನುರಾಗವನ್ನು ಕೊಲ್ಲಲಿಲ್ಲ. ಹತ್ತಿರ ಹೋಗಲು ದಾರಿಯನ್ನು ಮಾಡಿಕೊಟ್ಟಿತು. ಆದುದರಿಂದ ಯಾವ ನಿಯಮವನ್ನಾದರೂ ಒರೆಗೆ ಹಚ್ಚಲು ಒಂದೇ ಪ್ರಶ್ನೆ ಸಾಕು: ಇದು ನನ್ನನ್ನು ರೋಗಿಯ ಹತ್ತಿರಕ್ಕೆ ಒಯ್ಯುತ್ತದೆಯೋ, ಅವನಿಂದ ತಪ್ಪಿಸಿಕೊಳ್ಳಲು ನೆಪವಾಗುತ್ತದೆಯೋ?

ನಮ್ಮ ದೇಶದಲ್ಲಿ ರೋಗಿಯ ಆರೈಕೆಯ ಅರ್ಧಭಾಗ ಮನೆಯವರ ಕೈಯಲ್ಲಿಯೇ ಇದೆ. ಈ ದೃಷ್ಟಿಯಿಂದ ತಾವೆಲ್ಲರೂ ಪರಿಚಾರಕರೇ. ಅನುರಾಗಕ್ಕೆ ತಿಳಿವು ಕೂಡದಿದ್ದರೆ ಆಗುವ ಹಾನಿಗೆ ಮನೆಯೊಳಗಿನ ಎರಡು ನಿದರ್ಶನಗಳು ಸಾಕು. ಹಾಸಿಗೆ ಹಿಡಿದವರ ಸೊಂಟ, ಹಿಮ್ಮಡಿಗಳಲ್ಲಿ ಚರ್ಮ ಕೆಂಪಾದಾಗ ಮಕ್ಕಳು ಪ್ರೀತಿಯಿಂದ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಒತ್ತಡದಿಂದ ಆಗಲೇ ನಲುಗಿದ ಚರ್ಮ ತಿಕ್ಕುವಿಕೆಯಿಂದ ಇನ್ನಷ್ಟು ನೊಂದು ಹುಣ್ಣಾಗುತ್ತದೆ. ಅಲ್ಲಿ ಬೇಕಾದುದು ತಿಕ್ಕುವುದಲ್ಲ, ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಚರ್ಮವನ್ನು ಒಣಗಿರುವಂತೆ ನೋಡಿಕೊಳ್ಳುವುದು. ಹಾಗೆಯೇ ಅಂಗಾತ ಮಲಗಿದವರ ಬಾಯಿಗೆ ಗಂಜಿ, ತೀರ್ಥಗಳನ್ನು ಹಾಕುವುದು. ಅದು ಶ್ವಾಸನಾಳಕ್ಕೆ ಇಳಿದರೆ ಪುಪ್ಪುಸದ ಉರಿಯೂತಕ್ಕೆ ಕಾರಣವಾಗುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸಿ, ನುಂಗಿದರೆಂದು ನೋಡಿ, ಮತ್ತೊಂದು ಗುಟುಕು ಕೊಡಬೇಕು. ಉಪಚಾರದ ಕ್ರಮವನ್ನು ತಿಳಿದಿರುವುದನ್ನು ಚರಕರು ಗುಣಗಳ ಪಟ್ಟಿಯಲ್ಲಿ ಮೊದಲಿಗೇ ಇಟ್ಟುದು ಸುಮ್ಮನಲ್ಲ.

ಆಸ್ಪತ್ರೆಗೆ ಸೇರಿದ ನೂರು ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ ೭ ಮಂದಿಗೂ, ನಮ್ಮಂಥ ದೇಶಗಳಲ್ಲಿ ೧೫ ಮಂದಿಗೂ ಅಲ್ಲಿಯೇ ಹೊಸ ಸೋಂಕು ತಗಲುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಪ್ರಕಟಿಸಿತು. ಹೀಗೆ ಸೋಂಕಿದ ಹತ್ತು ಜನರಲ್ಲಿ ಸರಾಸರಿ ಒಬ್ಬರು ಬದುಕುವುದಿಲ್ಲ. ಈ ಒಬ್ಬರು ಯಾರ ತಂದೆ, ಯಾರ ತಾಯಿ, ಯಾರ ಗುರು ಎಂಬುದು ಸಂಖ್ಯೆಯಲ್ಲಿ ಕಾಣುವುದಿಲ್ಲ. ಆದಕಾರಣ ಶ್ರೀಮಠದ ಭಕ್ತರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೆ. ರೋಗಿಯನ್ನು ನೋಡಲು ಹೋಗುವುದು ಪುಣ್ಯಕಾರ್ಯ, ಗುಂಪುಗೂಡಿ ಹೋಗಬೇಡಿ. ನೆಗಡಿ, ಕೆಮ್ಮು, ಜ್ವರವಿದ್ದರೆ ಹೋಗದಿರುವುದೇ ಆ ದಿನದ ಸೇವೆ. ಹೋದಾಗ ಮುಟ್ಟುವ ಮುನ್ನ ಕೈ ತೊಳೆಯಿರಿ, ಹೊರಡುವಾಗಲೂ ತೊಳೆಯಿರಿ. ಗಾಯದ ಕಟ್ಟನ್ನೂ ನಳಿಕೆಗಳನ್ನೂ ಮುಟ್ಟಬೇಡಿ. ನರ್ಸ್ ತಡೆದರೆ ಕೋಪಗೊಳ್ಳಬೇಡಿ. ನಿಮ್ಮವರ ಪರವಾಗಿಯೇ ಆಕೆ ಅಲ್ಲಿ ನಿಂತಿದ್ದಾಳೆ.

ನಮ್ಮ ಗುರುಗಳು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಆ ಸಿಸ್ಟರ್ ಈಗ ಎಲ್ಲಿದ್ದಾಳೋ ತಿಳಿಯದು. ಕ್ಷಮೆ ಕೇಳಲು ಒಮ್ಮೆ ಹೋದಾಗ ಆಕೆಗೆ ವರ್ಗವಾಗಿತ್ತು. ಗಾಯಕ್ಕೆ ಬಾಯಿಲ್ಲ, ಅದು ಹೇಳುವುದನ್ನು ಕೇಳಬಲ್ಲವಳು ಆಕೆಯೊಬ್ಬಳೇ ಆಗಿದ್ದಳು. ಆಕೆ ಕೇಳಿ ನಮಗೆ ಹೇಳಿದಳು, ನಾವು ಕೇಳಲಿಲ್ಲ. ಶುಶ್ರೂಷೆ ಎಂಬ ಶಬ್ದದ ಅರ್ಥವನ್ನು ನಾವು ಪಾಠಶಾಲೆಯಲ್ಲಿ ಚಿಕ್ಕಂದಿನಲ್ಲಿಯೇ ಕಲಿತಿದ್ದೆವು. ಅದು ಮನಸ್ಸಿಗೆ ಇಳಿದುದು ಆ ನಲವತ್ತು ದಿನಗಳಲ್ಲಿ. ತಮಗಾದರೂ ಅದು ಅಷ್ಟು ದುಬಾರಿಯಾಗದಿರಲಿ ಎಂಬ ಹಾರೈಕೆಯಿಂದ ಇದನ್ನು ಬರೆದಿದ್ದೇವೆ.